ತವರಿಗೆ ಬರುವ ಹಕ್ಕಿಗಳು

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಹುಣಸೆಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಇವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೂ, ಇವುಗಳ ಆಗಮನದಿಂದ ಊರಿಗೆ ಶುಭವೆಂದೂ ಗ್ರಾಮಸ್ಥರ ನಂಬಿಕೆ. ಮರದೊಡೆಯರು ಹಕ್ಕಿಗಳಿಗಾಗಿ ಹುಣಸೆಯ ಫಸಲನ್ನೇ ಬಿಟ್ಟುಕೊಟ್ಟುದುಂಟು! ಇದನ್ನು ಬರಿಯ ಮೂಢನಂಬಿಕೆಯೆಂದು ವಿದ್ಯಾರ್ಥಿಗಳು ನಗಬೇಕಾಗಿಲ್ಲ. ಮೀನುಂಡ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ಹೇರಳ. ಮರದಡಿಯಲ್ಲಿ ಕೂಡಿದ ಅದನ್ನು ರೈತರು ಹೊಲಕ್ಕೆ ಗೊಬ್ಬರವಾಗಿ ಒಯ್ಯುತ್ತಾರೆ.

2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಆದರೆ ಹಕ್ಕಿಗಳು ಮೇಯುವುದು ಊರಾಚೆಯ ಕೆರೆಗಳಲ್ಲಿ; ಗ್ರಾಮಸ್ಥರ ಕಾವಲು ಅಲ್ಲಿಗೆ ಮುಟ್ಟದು. 2017ರ ಡಿಸೆಂಬರಿನಿಂದ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತುಬಿದ್ದುವು. ಪರೀಕ್ಷಿಸಿದಾಗ ಅವುಗಳ ಒಡಲಲ್ಲಿ ದುಂಡುಹುಳುಗಳು ಕಂಡುವು. ಇಂಥ ಹುಳುವಿನ ಮರಿಗಳು ಮೀನಿನ ಮೈಯಲ್ಲಿ ಅಡಗಿದ್ದು, ಆಹಾರದೊಡನೆಯೇ ಹಕ್ಕಿಯನ್ನು ಸೇರುತ್ತವೆ.