ನಿಮ್ಮ ನರಕೋಶಗಳೆಲ್ಲ ಎಲ್ಲಿ ಸೇರಿಕೊಂಡಿವೆ, ಗೊತ್ತೇ?

ಒಂದು ಸವಾಲು! ನಿಮ್ಮ ಮೆದುಳಿನ ನರಕೋಶಗಳಲ್ಲಿ ಬಹುಪಾಲು ಎಲ್ಲಿವೆ? ಯೋಚನೆ, ನೆನಪು, ಮಾತು ಎಲ್ಲವನ್ನೂ ನಡೆಸುವ ಮಹಾಮಸ್ತಿಷ್ಕದಲ್ಲಿ ಎನ್ನುತ್ತೀರಾ?

ಅಲ್ಲವೇ ಅಲ್ಲ!

ತಲೆಯ ಹಿಂಬದಿ ಮುಟ್ಟಿಕೊಳ್ಳಿ. ಬುರುಡೆ ಕುತ್ತಿಗೆಗೆ ಸೇರುವ ಜಾಗ ಸಿಕ್ಕಿತೇ? ಅದರ ತುಸು ಮೇಲೆ, ಒಳಗೆ, ಅನುಮಸ್ತಿಷ್ಕವಿದೆ. ತೂಕ ಸುಮಾರು 150 ಗ್ರಾಂ. ಇಡೀ ಮೆದುಳಿನ ಹತ್ತನೇ ಒಂದು ಪಾಲು. ಅಷ್ಟೇ!

ಇಷ್ಟರಲ್ಲಿ ಎಷ್ಟು ನರಕೋಶಗಳಿರಬಹುದು? ಊಹಿಸಿ!

ಉತ್ತರಕ್ಕೆ ಸ್ವಲ್ಪ ತಾಳಿ. ಎಣಿಸಿದ ಬಗೆಯೇ ಮೈ ಜುಮ್ಮೆನ್ನಿಸುತ್ತದೆ! ಬ್ರೆಜಿಲ್‌ನ ವಿಜ್ಞಾನಿ ಸುಜಾನಾ ಹರ್ಕುಲಾನೊ-ಹೌಜೆಲ್ ಮೆದುಳಿನ ತುಣುಕುಗಳನ್ನು ಅರೆದು, ಮಾರ್ಜಕದಲ್ಲಿ ಕರಗಿಸಿಯೇ ಬಿಟ್ಟರು! ತಿಳಿಸಾರಿನಂಥ ದ್ರವ. ಕೋಶಗಳ ಪೊರೆ ಕರಗಿತು, ಕೋಶಕೇಂದ್ರಗಳು ಉಳಿದವು. ಅವಕ್ಕೆ ಬಣ್ಣ ಹಿಡಿಸಿ, ಹನಿ ಹನಿ ತೆಗೆದು ಸೂಕ್ಷ್ಮದರ್ಶಕದಡಿ ಎಣಿಸಿದರು. 2009ರಲ್ಲಿ ಲೆಕ್ಕ ಹೊರಬಿತ್ತು. ಇಡೀ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳು. ಅನುಮಸ್ತಿಷ್ಕದ ಪಾಲು?

6,900 ಕೋಟಿ!

ಹತ್ತರಲ್ಲಿ ಎಂಟು! ಬುದ್ಧಿಯ ನೆಲೆಯೆಂದು ನಾವೆಲ್ಲ ಕೊಂಡಾಡುವ ಮಹಾಮಸ್ತಿಷ್ಕದ ತೊಗಟೆಗೆ ದಕ್ಕಿದ್ದು ಸುಮಾರು 1,600 ಕೋಟಿ ಮಾತ್ರ. ಅನುಮಸ್ತಿಷ್ಕದಲ್ಲಿರುವ ಪರ್ಕಿಂಜೆ ಎಂಬ ಬಗೆಯ ಒಂದೊಂದು ನರಕೋಶಕ್ಕೆ ಲಕ್ಷಕ್ಕೂ ಮಿಕ್ಕಿದ ಎಳೆಗಳಿಂದ ಸುದ್ದಿ ಬರುತ್ತದೆ!

ಏನು ಮಾಡುತ್ತದೆ ಈ ಮಹಾಸೇನೆ? ಮುಂದಾಗುವುದನ್ನು ಮೊದಲೇ ಲೆಕ್ಕ ಹಾಕುತ್ತದೆ! ನಂಬಿಕೆ ಬರಲಿಲ್ಲವೇ? ನಿಮ್ಮ ಅಂಗಾಲಿಗೆ ನೀವೇ ಕಚಗುಳಿ ಇಟ್ಟುಕೊಳ್ಳಿ. ನಗು ಬಂತೇ? ಬರದು! ಬೆರಳು ಎಲ್ಲಿ, ಯಾವಾಗ ತಾಗುತ್ತದೆಂದು ಅನುಮಸ್ತಿಷ್ಕಕ್ಕೆ ಮೊದಲೇ ಗೊತ್ತು. ಆ ಸ್ಪರ್ಶದ ಸೋಜಿಗ ಅಲ್ಲೇ ಅಡಗಿಹೋಗುತ್ತದೆ. ಬೇರೆಯವರ ಬೆರಳಾದರೆ ಅದಕ್ಕೆ ಸುಳಿವಿಲ್ಲ, ನೀವು ಕಿಲಕಿಲ! 1998ರಲ್ಲಿ ಲಂಡನ್ನಿನ ವಿಜ್ಞಾನಿಗಳು ಸ್ಕ್ಯಾನರ್‌ನಲ್ಲಿ ಈ ವ್ಯತ್ಯಾಸ ಕಂಡರು.

ಕುಡಿದವರ ಹೆಜ್ಜೆ ತಪ್ಪುವುದೇಕೆ? ಮದ್ಯ ಈ ಲೆಕ್ಕಿಗನನ್ನೇ ಮಂಕಾಗಿಸುತ್ತದೆ.

ಹಾಗಾದರೆ ಅನುಮಸ್ತಿಷ್ಕವೇ ಇಲ್ಲದಿದ್ದರೆ ಬದುಕು ಸಾಧ್ಯವೇ?

ಉಸಿರು ಬಿಗಿಹಿಡಿಯಿರಿ. ಸಾಧ್ಯ! 2014ರಲ್ಲಿ ಚೀನಾದ ವೈದ್ಯರು, ತಲೆಸುತ್ತು ಎಂದು ಬಂದ 24ರ ಹೆಣ್ಣುಮಗಳೊಬ್ಬಳ ಸ್ಕ್ಯಾನ್ ನೋಡಿ ಬೆರಗಾದರು. ಅನುಮಸ್ತಿಷ್ಕ ಇರಬೇಕಾದ ಜಾಗದಲ್ಲಿ ಬರೀ ದ್ರವ! ಅವಳು ನಡೆದದ್ದು ಏಳನೇ ವಯಸ್ಸಿಗೆ, ಮಾತು ಸ್ಪಷ್ಟವಾದದ್ದು ಆರಕ್ಕೆ. ಆದರೂ ನಡೆದಳು, ಮಾತಾಡಿದಳು, ಮದುವೆಯಾದಳು, ತಾಯಿಯೂ ಆದಳು! ಕಳೆದುಹೋದ ಕೆಲಸದಲ್ಲಿ ಒಂದಷ್ಟನ್ನು ಮೆದುಳಿನ ಉಳಿದ ಭಾಗಗಳು ಹೊತ್ತುಕೊಂಡಿದ್ದವು.

ಕಣ್ಣಾರೆ ನೋಡಬೇಕೇ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನದೇ ಸಂಗ್ರಹಾಲಯವಿದೆ. ನಿಜವಾದ ಮೆದುಳನ್ನು ಅಲ್ಲಿ ಮುಟ್ಟಿ ನೋಡಬಹುದು. ಮಕ್ಕಳನ್ನೂ ಕರೆದುಕೊಂಡು ಹೋಗಿ. ಹಿಂಬದಿಯ ಆ ಪುಟ್ಟ ಗಂಟನ್ನು ಮಾತ್ರ ತಪ್ಪದೆ ನೋಡಿ ಬನ್ನಿ!