ಗಣಕಯಂತ್ರವನ್ನು ಕೊಳ್ಳುವವರಿಗೆ ಕೆಲವು ಸೂಚನೆಗಳು

ಹಲ್ಲು, ಗೊರಸು, ಸುಳಿಗಳನ್ನು ನೋಡದೆ ಎತ್ತಿಗೆ ಬೆಲೆ ಕಟ್ಟುವ ರೈತನು ನಮ್ಮಲ್ಲಿ ವಿರಳ. ಆದರೆ ಮೇಜಿನ ಮೇಲಿಡುವ ಗಣಕಯಂತ್ರವನ್ನು, ಅಂದರೆ ಡೆಸ್ಕ್‌ಟಾಪ್ ಕಂಪ್ಯೂಟರನ್ನು, ಕೊಳ್ಳುವಾಗ ಪರದೆಯ ಅಗಲವನ್ನೂ ಅಂಗಡಿಯವನ ಮಾತನ್ನೂ ನಂಬಿ ಹಣ ತೆರುವವರು ಬಹುಮಂದಿ. ಸಹಕಾರ ಸಂಘಗಳಂತೂ ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ಲೆಕ್ಕಪತ್ರಗಳು ಕೆಟ್ಟಲ್ಲಿ ನಷ್ಟವು ಯಂತ್ರದ ಬೆಲೆಗೆ ಮಾತ್ರ ನಿಲ್ಲುವುದಿಲ್ಲ.

ಮೊದಲು ಕೆಲಸವನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ಪಹಣಿಯನ್ನು ನೋಡುವುದಕ್ಕೂ ಪೇಟೆಯ ಧಾರಣೆಯನ್ನು ತಿಳಿಯುವುದಕ್ಕೂ ಕೈಯಲ್ಲಿರುವ ಮೊಬೈಲೇ ಸಾಕು. ಹಾಲಿನ ಲೆಕ್ಕ, ಸಾಲದ ಖಾತೆ, ಪತ್ರವ್ಯವಹಾರಗಳು ನಿತ್ಯವೂ ನಡೆಯುವ ಕಡೆ ಮಾತ್ರ ಈ ಯಂತ್ರವು ಸಾರ್ಥಕವಾಗುವುದು.

ಯಂತ್ರದ ಭಾಗಗಳಲ್ಲಿ ಪ್ರೊಸೆಸರ್ ಎಂಬುದು ಲೆಕ್ಕ ಮಾಡುವ ಭಾಗ. ಮೇಲ್ಕಂಡ ಕೆಲಸಗಳಿಗೆ ಇಂಟೆಲ್ ಐ3 ಅಥವಾ ಎಎಂಡಿ ರೈಜೆನ್ 3 ತರಗತಿಯದು ಧಾರಾಳವಾಗಿ ಸಾಕು. ಆದರೆ ಇಂಟೆಲ್ ಪ್ರೊಸೆಸರಿನ ಸಂಖ್ಯೆಯ ಕೊನೆಗೆ ‘ಎಫ್’ ಅಕ್ಷರವಿದ್ದರೆ ಅದರಲ್ಲಿ ಪರದೆಗೆ ಚಿತ್ರವನ್ನೊದಗಿಸುವ ಭಾಗವಿರುವುದಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ಹಣ ತೆರಬೇಕಾಗುವುದು. ಇಲ್ಲಿ ಉಳಿಸಿದ ಹಣವನ್ನು ರ‍್ಯಾಮ್ ಮತ್ತು ಎಸ್‌ಎಸ್‌ಡಿಗಳಿಗೆ ವಿನಿಯೋಗಿಸುವುದು ಮೇಲು. ರ‍್ಯಾಮ್ 8 ಜಿಬಿಗೆ ಕಡಮೆಯಿರಕೂಡದು. ಮುಂದೆ ಹೆಚ್ಚಿಸಲು ಒಂದು ಸ್ಥಳವು ತೆರವಾಗಿರುವುದು ಒಳ್ಳೆಯದು. ಡಿಡಿಆರ್4 ರ‍್ಯಾಮಿಗೆಂದು ಮಾಡಿದ ಸ್ಥಳಕ್ಕೆ ಡಿಡಿಆರ್5 ಹೊಂದುವುದಿಲ್ಲ. ತಿರುಗುವ ತಟ್ಟೆಗಳುಳ್ಳ ಹಳೆಯ ಹಾರ್ಡ್ ಡಿಸ್ಕಿಗಿಂತ ಎಸ್‌ಎಸ್‌ಡಿಯು ಬಹಳ ವೇಗವುಳ್ಳದ್ದು. 256 ಜಿಬಿಯು ಸಾಮಾನ್ಯ ಸಂಘಕ್ಕೆ ಸಾಕು.

ಹಳ್ಳಿಗಳಲ್ಲಿ ಯುಪಿಎಸ್ ಇಲ್ಲದೆ ಯಂತ್ರವನ್ನು ನಡೆಸುವುದು ಅವಿವೇಕ. ಬರೆಯುತ್ತಿರುವಾಗಲೇ ವಿದ್ಯುತ್ತು ನಿಂತರೆ ಆವರೆಗಿನ ಕೆಲಸವೂ, ಒಮ್ಮೊಮ್ಮೆ ಕಡತವೂ ಕೆಡುವುದು. ಯುಪಿಎಸ್ ಕೊಡುವ ಕೆಲವು ನಿಮಿಷಗಳಲ್ಲಿ ಕೆಲಸವನ್ನುಳಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸಬಹುದು.

ಅಗ್ಗವೆಂದು ಹಳೆಯ ಯಂತ್ರವನ್ನು ಕೊಳ್ಳುವವರು ಒಂದು ಸಂಗತಿಯನ್ನು ಮರೆಯಬಾರದು. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ನೇ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ರಕ್ಷಣಾ ವ್ಯವಸ್ಥೆಯೂ ಅಂಗೀಕೃತ ಪ್ರೊಸೆಸರೂ ಇರಬೇಕು. ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ಪೀಳಿಗೆಗಿಂತ ಹಿಂದಿನವು ಸಲ್ಲವು. ಅಂಥ ಯಂತ್ರವು ಈಗಾಗಲೇ ಕೈಯಲ್ಲಿದ್ದರೆ ಬಿಸಾಡಬೇಕಾಗಿಲ್ಲ. ಉಬುಂಟು ಮೊದಲಾದ ಲಿನಕ್ಸ್ ವ್ಯವಸ್ಥೆಗಳನ್ನು ಬೆಲೆಯಿಲ್ಲದೆ ಹಾಕಿಕೊಳ್ಳಬಹುದು. ಪತ್ರಕ್ಕೂ ಲೆಕ್ಕದ ಪಟ್ಟಿಗಳಿಗೂ ಲಿಬ್ರೆಆಫೀಸ್ ಉಚಿತವಾಗಿ ದೊರೆಯುತ್ತದೆ. ಹೀಗಿರುವಾಗ ಕಳ್ಳಪ್ರತಿಯ ತಂತ್ರಾಂಶವನ್ನು ಹಾಕಿಸಿಕೊಳ್ಳುವುದು ಹುಳು ಹಿಡಿದ ಬಿತ್ತನೆಬೀಜವನ್ನು ಮನೆಗೆ ತಂದಂತೆ.

ಕನ್ನಡವನ್ನು ಯೂನಿಕೋಡ್ ಪದ್ಧತಿಯಲ್ಲಿಯೇ ಬರೆಯತಕ್ಕದ್ದು. ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಪತ್ರವು ಅದೇ ಶೈಲಿಯಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುವುದು.

ಕೊನೆಯದಾಗಿ, ಪ್ರತಿಯೊಂದು ಭಾಗದ ಹೆಸರನ್ನೂ ಖಾತರಿಯ ಅವಧಿಯನ್ನೂ ಬರೆಯಿಸಿ ರಸೀತಿಯನ್ನು ಪಡೆಯಿರಿ. ವಾರಕ್ಕೊಮ್ಮೆಯಾದರೂ ಲೆಕ್ಕಗಳ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ತೆಗೆದು, ಬೇರೆ ಕಟ್ಟಡದಲ್ಲಿಡಿರಿ. ಯಂತ್ರವು ಕೆಟ್ಟರೆ ಮತ್ತೊಂದನ್ನು ತರಬಹುದು. ಹತ್ತು ವರ್ಷಗಳ ಲೆಕ್ಕವು ಯಾವ ಅಂಗಡಿಯಲ್ಲಿಯೂ ಸಿಕ್ಕುವುದಿಲ್ಲ.