ನರ್ಸಿಂಗ್ ಹೋಮಿನ ದಕ್ಷತೆಯನ್ನು ಅಳೆಯುವುದು ಹೇಗೆ?

ದಕ್ಷತೆ ಎಂಬ ಪದ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಉಷ್ಣಯಂತ್ರ ಮಾಡಿದ ಕೆಲಸವನ್ನು ಅದು ಪಡೆದ ಉಷ್ಣದಿಂದ ಭಾಗಿಸಿದರೆ ಅದರ ದಕ್ಷತೆ ದೊರೆಯುತ್ತದೆ. ನರ್ಸಿಂಗ್ ಹೋಮಿಗೂ ಇಂಥ ಅಳತೆ ಸಾಧ್ಯವೇ? ಇದು ಬರಿಯ ಲೆಕ್ಕಿಗರ ಪ್ರಶ್ನೆಯಲ್ಲ. ಸಂಪಾಜೆ ಘಾಟಿಯ ಬುಡದಲ್ಲಿರುವ ಕಲ್ಲುಗುಂಡಿಯವರು ಸುಳ್ಯಕ್ಕೋ ಪುತ್ತೂರಿಗೋ ಹೋಗಿ ದಾಖಲಾದರೆ, ಅವರು ತೆರುವ ಬಿಲ್ಲಿನಲ್ಲಿ ಸಂಸ್ಥೆಯ ಪೋಲೂ ಸೇರಿರಬಹುದು. (ಪಾಶ್ಚಾತ್ಯ ದೇಶಗಳಲ್ಲಿ ನರ್ಸಿಂಗ್ ಹೋಂ ಎಂದರೆ ವೃದ್ಧರ ಆರೈಕೆಯ ಮನೆ, ನಮ್ಮಲ್ಲಿ ಸಣ್ಣ ಖಾಸಗಿ ಆಸ್ಪತ್ರೆ.)

ತಲಾ 20 ಹಾಸಿಗೆಗಳ ಎರಡು ನರ್ಸಿಂಗ್ ಹೋಂಗಳನ್ನು ಕಲ್ಪಿಸಿಕೊಳ್ಳಿ. ಎರಡರ ವಾರ್ಷಿಕ ಖರ್ಚೂ 1 ಕೋಟಿ ರೂಪಾಯಿ. 'ಕ'ದಲ್ಲಿ 1000 ರೋಗಿಗಳು ಸರಾಸರಿ 5 ದಿನ ಇದ್ದರು. 'ಖ'ದಲ್ಲಿ 1250 ರೋಗಿಗಳು ಸರಾಸರಿ 3.2 ದಿನ ಇದ್ದರು. ಹಾಸಿಗೆ-ದಿನವೊಂದರ ಖರ್ಚು 'ಕ'ದಲ್ಲಿ 2000 ರೂ., 'ಖ'ದಲ್ಲಿ 2500 ರೂ. ಹಾಗಾದರೆ 'ಕ' ಅಗ್ಗ. ಆದರೆ ರೋಗಿಯೊಬ್ಬರ ಲೆಕ್ಕ ಹಿಡಿದರೆ 'ಕ'ದಲ್ಲಿ 10,000 ರೂ., 'ಖ'ದಲ್ಲಿ 8000 ರೂ. ಈಗ 'ಖ' ಅಗ್ಗ! ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. 'ಖ'ದ 1250 ದಾಖಲೆಗಳಲ್ಲಿ 250, ಬೇಗನೆ ಮನೆಗೆ ಕಳಿಸಿದ್ದರಿಂದ ಅದೇ ಕಾಯಿಲೆಗೆ ಮರಳಿ ಬಂದವರದಾಗಿದ್ದರೆ, ಗುಣವಾದ ಪ್ರಕರಣಗಳು 1000 ಮಾತ್ರ; ಎರಡೂ ಸಮ. ಅಂದರೆ ಯಾವುದನ್ನು ಉತ್ಪನ್ನವೆಂದು ಎಣಿಸುತ್ತೇವೆ ಎಂಬುದರ ಮೇಲೆ ಉತ್ತರ ನಿಂತಿದೆ.

ಇನ್ನೊಂದು ತೊಡಕಿದೆ. ಉಷ್ಣಯಂತ್ರದ ದಕ್ಷತೆಗೆ ಕಾರ್ನೊ ಹೇಳಿದ ಮಿತಿಯಿದೆ; ಆಸ್ಪತ್ರೆಗೆ ಅಂಥ ನಿಸರ್ಗನಿಯಮವಿಲ್ಲ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಮೈಕೆಲ್ ಫ್ಯಾರೆಲ್ 1957ರಲ್ಲಿ ಇದಕ್ಕೊಂದು ದಾರಿ ತೋರಿದ: ಹೋಲಿಕೆಯಾಗುವ ಸಂಸ್ಥೆಗಳಲ್ಲಿ ಅತ್ಯುತ್ತಮವಾದವನ್ನು ಜೋಡಿಸಿ ಒಂದು ಸೀಮಾರೇಖೆ ಎಳೆಯಿರಿ, ಉಳಿದವು ಅದರಿಂದ ಎಷ್ಟು ದೂರವಿವೆ ಎಂದು ನೋಡಿರಿ. ಅದೇ ಕೆಲಸಕ್ಕೆ ಸಾಕಾಗುವ ಕನಿಷ್ಠ ಖರ್ಚನ್ನು ನಿಜವಾದ ಖರ್ಚಿನಿಂದ ಭಾಗಿಸಿದರೆ ವೆಚ್ಚ ದಕ್ಷತೆ. ಇದು ಎರಡು ಅಂಶಗಳ ಗುಣಲಬ್ಧ. ಔಷಧ, ಸಮಯ ಪೋಲಾಗದಿರುವುದು ಒಂದು. ದಾದಿಯರು, ಯಂತ್ರಗಳು ಅವುಗಳ ಬೆಲೆಗೆ ತಕ್ಕ ಪ್ರಮಾಣದಲ್ಲಿರುವುದು ಇನ್ನೊಂದು. ಇವು 0.9 ಮತ್ತು 0.8 ಆದರೆ ವೆಚ್ಚ ದಕ್ಷತೆ 0.72. ಚಾರ್ನ್ಸ್, ಕೂಪರ್ ಮತ್ತು ರೋಡ್ಸ್ 1978ರಲ್ಲಿ ಇದನ್ನು ರೇಖೀಯ ಪ್ರೋಗ್ರಾಮಿಂಗ್‌ಗೆ ಅಳವಡಿಸಿದ ಮೇಲೆ ಹಲವು ಆದಾನ, ಹಲವು ಉತ್ಪನ್ನಗಳಿದ್ದರೂ ಗಣಕಯಂತ್ರ ಲೆಕ್ಕ ಮಾಡಿಕೊಡುತ್ತದೆ.

ಆದರೆ ಹೋಲಿಕೆ ಯಾರೊಡನೆ? ಖಾಲಿ ಹಾಸಿಗೆಯನ್ನು ಕಂಡ ಕೂಡಲೇ ಅದಕ್ಷತೆ ಎನ್ನುವವರಿದ್ದಾರೆ. ರೋಗಿಗಳು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬರುವರೆಂದು ಭಾವಿಸಿದರೆ, ಸರಾಸರಿ ಸಂಖ್ಯೆಯ ವರ್ಗಮೂಲದಷ್ಟು ಏರಿಳಿತ ಸಹಜ; ವಿಕಿರಣಪಟುತ್ವದ ಎಣಿಕೆಯಲ್ಲಿ ನಾವು ಬಳಸುವ ನಿಯಮವೇ ಇದು. ದಿನಕ್ಕೆ ಸರಾಸರಿ 9 ರೋಗಿಗಳಿದ್ದರೆ ಏರಿಳಿತ 3. ಅದರ ಎರಡರಷ್ಟು ಮೀಸಲಿಟ್ಟರೆ 15 ಹಾಸಿಗೆ ಬೇಕು, ತುಂಬಿರುವುದು ಶೇ. 60. ಸರಾಸರಿ 100 ಇದ್ದರೆ ಏರಿಳಿತ 10, ಹಾಸಿಗೆ 120, ತುಂಬಿರುವುದು ಶೇ. 83. ಆಡಳಿತ ಎಷ್ಟೇ ಚುರುಕಾಗಿದ್ದರೂ ಸಣ್ಣದು ದೊಡ್ಡದರಷ್ಟು ತುಂಬಿರಲಾರದು. ಮಳೆಗಾಲದ ಜ್ವರಗಳು ಒಟ್ಟಾಗಿ ಬರುವುದರಿಂದ ನಿಜವಾದ ಏರಿಳಿತ ಇನ್ನೂ ಹೆಚ್ಚು. ಸಣ್ಣದನ್ನು ಸಣ್ಣದರೊಡನೆಯೇ ಹೋಲಿಸಬೇಕೆಂಬ ತಿದ್ದುಪಡಿಯನ್ನು ಬ್ಯಾಂಕರ್, ಚಾರ್ನ್ಸ್ ಮತ್ತು ಕೂಪರ್ 1984ರಲ್ಲಿ ಸೇರಿಸಿದರು.

ಅಂಕಿಅಂಶ ಸಿಗುವುದೂ ಸುಲಭವಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ (2007) ದರಪಟ್ಟಿ ಪ್ರದರ್ಶಿಸಬೇಕೆನ್ನುತ್ತದೆ. ಅದು ರೋಗಿ ಕೊಡುವ ಬೆಲೆ, ಸಂಸ್ಥೆಗೆ ತಗಲುವ ವೆಚ್ಚವಲ್ಲ.

ಉಷ್ಣಗತಿವಿಜ್ಞಾನದಲ್ಲಿ ಮೊದಲು ವ್ಯವಸ್ಥೆಯ ಎಲ್ಲೆ ಗುರುತಿಸುತ್ತೇವೆ. ಇಲ್ಲೂ ಹಾಗೆಯೇ. ಹತ್ತಿರದ ಸಣ್ಣ ನರ್ಸಿಂಗ್ ಹೋಂ ಮುಚ್ಚಿ ರೋಗಿಗಳೆಲ್ಲ ಮಂಗಳೂರಿನ ದೊಡ್ಡ ಆಸ್ಪತ್ರೆ ಸೇರಿದರೆ, ಆಸ್ಪತ್ರೆಗಳ ಲೆಕ್ಕದಲ್ಲಿ ದಕ್ಷತೆ ಏರಬಹುದು. ಕಲ್ಲುಗುಂಡಿಯವರ ಬಾಡಿಗೆ ಕಾರು, ಜತೆಗೆ ಹೋದವರು ಕಳೆದುಕೊಂಡ ಕೂಲಿ ಆ ಎಲ್ಲೆಯ ಹೊರಗುಳಿಯುತ್ತವೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿಯ ದಾರಿ ಕಡಿದಾಗ, ಘಾಟಿಯ ಕೆಳಗಿನವರಿಗೆ ಮೇಲಿನ ಆಸ್ಪತ್ರೆಗಳ ದಕ್ಷತೆಯಿಂದ ಉಪಯೋಗವಿರಲಿಲ್ಲ.